ಶಾಲೆಯ ಹಾಡು, ಮಗುವಿನ ಮನಸ್ಸು

ಪ್ರಾರ್ಥನೆಯ ಗಂಟೆ ಹೊಡೆದ ಕೂಡಲೇ ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತು ಹಾಡಿದ ನೆನಪು ನಮ್ಮಲ್ಲಿ ಹೆಚ್ಚಿನವರಿಗೆ ಇದ್ದೇ ಇರುತ್ತದೆ. ಮನೆಯಲ್ಲಿ ಹಾಡಿನ ವಾತಾವರಣವೇ ಇಲ್ಲದ ಮಗುವೂ ಶಾಲೆಯಲ್ಲಿ ದಿನಕ್ಕೊಮ್ಮೆಯಾದರೂ ನೂರಾರು ಮಂದಿಯೊಡನೆ ದನಿಗೂಡಿಸುತ್ತದೆ. ಹೀಗೆ ಹಾಡುವುದರಿಂದ ಮಗುವಿನ ಮನಸ್ಸಿನ ಮೇಲೆ ಏನು ಪರಿಣಾಮವಾಗುತ್ತದೆ? ಶಾಲೆಗೆ ಹಾಡನ್ನು ತಂದವರು ಯಾರು, ಯಾವ ಉದ್ದೇಶಕ್ಕೆ ತಂದರು? ಈ ಪ್ರಶ್ನೆಗಳು ನನ್ನನ್ನು ಕಾಡತೊಡಗಿದ್ದು ಪುಸ್ತಕ ಓದುವಾಗಲ್ಲ, ಸ್ಟುಡಿಯೋದಲ್ಲಿ ಮಾನಿಟರ್ ನೋಡುತ್ತ ಕುಳಿತಿದ್ದಾಗ.

ಕೆಲವು ವರ್ಷಗಳ ಹಿಂದೆ ಮಕ್ಕಳ ಕಾರ್ಯಕ್ರಮವೊಂದಕ್ಕೆ ಒಂದು ಶಾಲೆಯ ಗಾಯನ ತಂಡ ಬಂದಿತ್ತು. ಹದಿನೈದು ಮಕ್ಕಳು, ಒಂದೇ ಬಣ್ಣದ ಉಡುಪು, ಒಪ್ಪವಾದ ಹಾಡು. ಕ್ಯಾಮೆರಾ ಎರಡನೆಯ ಸಾಲಿನ ಒಬ್ಬ ಹುಡುಗಿಯ ಮುಖವನ್ನು ಹತ್ತಿರದಿಂದ ತೋರಿಸಿತು. ತುಟಿಗಳು ಹಾಡಿಗೆ ಸರಿಯಾಗಿ ಆಡುತ್ತಿದ್ದವು. ಆದರೆ ಕತ್ತಿನ ಸ್ನಾಯು ಅಲುಗುತ್ತಿರಲಿಲ್ಲ, ಸಾಲಿನ ಕೊನೆಯಲ್ಲಿ ಉಸಿರು ಎಳೆದುಕೊಳ್ಳುತ್ತಲೂ ಇರಲಿಲ್ಲ. ಬಿಡುವಿನಲ್ಲಿ ಕೆಳಗಿಳಿದು ಹೋಗಿ, “ಯಾಕಮ್ಮಾ, ಗಂಟಲು ನೋವಾ?” ಎಂದು ಕೇಳಿದೆ. “ಇಲ್ಲ ಸರ್. ನನ್ನ ದನಿ ಸೇರಲ್ಲ ಅಂತ ಮಿಸ್ ಬರೀ ಬಾಯಿ ಆಡಿಸು ಅಂದಿದಾರೆ” ಎಂದಳು. ದೂರು ಹೇಳುವ ಧಾಟಿಯಲ್ಲಿ ಅವಳು ಹೇಳಲಿಲ್ಲ; ತನ್ನ ಎತ್ತರ, ತೂಕ ಹೇಳುವಂತೆ ಹೇಳಿದಳು.

ಆ ಮಾತು ನನಗೆ ಹೊಸದಲ್ಲ. ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ಸಮೂಹಗಾನ ಸ್ಪರ್ಧೆಗೆ ಮೊದಲು ನಮ್ಮ ಮೇಷ್ಟರು ನನಗೂ ಅದನ್ನೇ ಹೇಳಿದ್ದರು. ಅವರು ಕೆಟ್ಟವರಲ್ಲ, ತಂಡ ಗೆಲ್ಲಬೇಕೆಂಬ ಆಸೆ ಅವರದು. ತಂಡ ಗೆದ್ದಿತು. ಅದಾದ ಮೇಲೆ ನಾನು ಬಿ.ಎಸ್ಸಿ. ಓದಿದೆ, ಧ್ವನಿಯ ಕಂಪನಾಂಕ, ತರಂಗಾಂತರ ಎಲ್ಲವನ್ನೂ ಲೆಕ್ಕ ಹಾಕಿದೆ, ಟೆಲಿವಿಷನ್ ಸೇರಿ ನೂರಾರು ಗಾಯಕರ ಧ್ವನಿಮುದ್ರಣ ಮಾಡಿಸಿದೆ. ಆದರೆ ನಾಲ್ಕು ಜನರ ನಡುವೆ ದನಿಯೆತ್ತಿ ಹಾಡಿದ್ದು ಮಾತ್ರ ಇಲ್ಲ.

ಇದರ ಮೂಲವನ್ನು ಹುಡುಕುತ್ತ ಹೊರಟಾಗ ಶಾಲೆಯ ಹಾಡಿಗೂ ಒಂದು ಇತಿಹಾಸವಿದೆ ಎಂಬುದು ತಿಳಿಯಿತು. ಅದರ ಮುಖ್ಯ ಅಧ್ಯಾಯಗಳನ್ನು ನಿಮ್ಮ ಮುಂದಿಡುತ್ತೇನೆ.

ಹಾಡು ಶಾಲೆಗೆ ಬಂದ ಬಗೆ

ಹತ್ತೊಂಬತ್ತನೆಯ ಶತಮಾನದಲ್ಲಿ ಎಲ್ಲ ಮಕ್ಕಳಿಗೂ ಶಿಕ್ಷಣ ಎಂಬ ವಿಚಾರ ಪಶ್ಚಿಮದ ದೇಶಗಳಲ್ಲಿ ಬೇರೂರಿತು. ಹಾಡೂ ಅದರೊಡನೆ ತರಗತಿಯ ಬಾಗಿಲಿಗೆ ಬಂತು. ಅಮೆರಿಕದ ಬಾಸ್ಟನ್ ನಗರದಲ್ಲಿ ಲೋವೆಲ್ ಮೇಸನ್ ಎಂಬ ಸಂಗೀತಗಾರರು ಒಂದು ಸಾರ್ವಜನಿಕ ಶಾಲೆಯಲ್ಲಿ ಸಂಬಳವಿಲ್ಲದೆ ಹಾಡು ಕಲಿಸಿ ತೋರಿಸಿದರು. ಅದರ ಫಲವಾಗಿ 1838ರಲ್ಲಿ ಅಲ್ಲಿನ ಶಾಲಾ ಸಮಿತಿ ಸಂಗೀತವನ್ನು ಪಾಠಕ್ರಮಕ್ಕೆ ಸೇರಿಸಿಕೊಂಡಿತು. ಸಮಿತಿಯ ಮುಂದಿದ್ದ ವರದಿ ಮೂರು ಪ್ರಶ್ನೆಗಳನ್ನು ಪರಿಶೀಲಿಸಿತ್ತು: ಹಾಡುವುದು ಬುದ್ಧಿಗೆ ಒಳ್ಳೆಯದೆ, ನೀತಿಗೆ ಒಳ್ಳೆಯದೆ, ದೇಹಕ್ಕೆ ಒಳ್ಳೆಯದೆ? ಸಂತೋಷ, ಸಮಾಧಾನಗಳ ಮಾತು ಆ ವರದಿಯಲ್ಲಿತ್ತು. ಆದರೆ ಅದು ಬಂದದ್ದು ನೀತಿಯ ಶೀರ್ಷಿಕೆಯ ಕೆಳಗೆ. ಸಂತೋಷವಾಗಿರುವ ಮಗು ಸನ್ನಡತೆಯ ಮಗುವಾಗುತ್ತದೆ ಎಂಬುದು ಅಂದಿನ ನಂಬಿಕೆ.

ಇಂಗ್ಲೆಂಡಿನಲ್ಲಿ ಹಾಡಿನ ಪ್ರೇರಣೆ ಚರ್ಚಿನಿಂದ ಬಂತು. ನಾರ್ವಿಚ್ ನಗರದ ಶಿಕ್ಷಕಿ ಸಾರಾ ಗ್ಲೋವರ್, ಬಡ ಮಕ್ಕಳೂ ಸುಲಭವಾಗಿ ಕಲಿಯಬಲ್ಲ ಒಂದು ಸ್ವರಲಿಪಿಯನ್ನು ರೂಪಿಸಿದ್ದರು. 1841ರಲ್ಲಿ ಹಲ್ ನಗರದಲ್ಲಿ ಸೇರಿದ ಭಾನುವಾರದ ಶಾಲೆಗಳ ಶಿಕ್ಷಕರು, ಹಾಡು ಕಲಿಸುವ ಅತಿ ಸರಳ ವಿಧಾನವನ್ನು ಹುಡುಕುವ ಕೆಲಸವನ್ನು ಜಾನ್ ಕರ್ವೆನ್ ಎಂಬ ಯುವ ಪಾದ್ರಿಗೆ ವಹಿಸಿದರು. ಕರ್ವೆನ್ ಗ್ಲೋವರ್ ಅವರ ಪದ್ಧತಿಯನ್ನೇ ತಿದ್ದಿ ಬೆಳೆಸಿದರು. ಅದೇ ‘ಟಾನಿಕ್ ಸೋಲ್ಫಾ’. ಪ್ರತಿಯೊಂದು ಸ್ವರಕ್ಕೂ ಒಂದೊಂದು ಕೈಸನ್ನೆ ಸೇರಿದ್ದು ಆಮೇಲೆ.

ಇದರ ತತ್ವ ನಮಗೆ ಅಪರಿಚಿತವಲ್ಲ. ನಮ್ಮ ಸಂಗೀತದಲ್ಲಿ ಷಡ್ಜಕ್ಕೆ ನಿಶ್ಚಿತ ಕಂಪನಾಂಕ ಇಲ್ಲ. ಹಾಡುವವರ ಕಂಠಕ್ಕೆ ಹೊಂದುವ ಶ್ರುತಿಯಲ್ಲಿ ‘ಸ’ವನ್ನು ಇಟ್ಟುಕೊಂಡು ಉಳಿದ ಸ್ವರಗಳನ್ನು ಅದಕ್ಕೆ ಹೊಂದಿಸುತ್ತೇವೆ. ಸೋಲ್ಫಾ ಪದ್ಧತಿಯ ‘ಡೊ’ ಕೂಡ ಹಾಗೆಯೇ. ಹಾಡಿಗೆ ಮಗು ಹೊಂದಿಕೊಳ್ಳಬೇಕಾಗಿಲ್ಲ, ಮಗುವಿನ ದನಿಗೆ ಹಾಡನ್ನು ಹೊಂದಿಸಬಹುದು. ಈ ಅಂಶವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಹೀಗೆ ನೀತಿಗಾಗಿ, ಭಕ್ತಿಗಾಗಿ, ಶಿಸ್ತಿಗಾಗಿ, ದೇಶಾಭಿಮಾನಕ್ಕಾಗಿ ಹಾಡು ಶಾಲೆಯ ಒಳಗೆ ಬಂತು. ಮಗುವಿಗೆ ಹಾಡು ಬೇಕು ಎಂಬ ಒಂದೇ ಕಾರಣಕ್ಕೆ ತಂದವರು ವಿರಳ. ಅಂಥ ವಿರಳರಲ್ಲಿ ಒಬ್ಬರ ಕಥೆಯನ್ನು ಸ್ವಲ್ಪ ವಿವರವಾಗಿ ನೋಡೋಣ. ಅದು ಯೂರೋಪಿನ ಹಂಗೇರಿ ದೇಶದ ಕಥೆ.

ಸ್ಟೇಷನ್ ಮಾಸ್ತರರ ಮಗ

ಜೊಲ್ತಾನ್ ಕೊದಾಯ್ ಹುಟ್ಟಿದ್ದು 1882ರ ಡಿಸೆಂಬರ್ 16ರಂದು, ಕೆಚ್ಕೆಮೇತ್ ಎಂಬ ಊರಿನಲ್ಲಿ. ತಂದೆ ರೈಲ್ವೆಯಲ್ಲಿ ನೌಕರರು. ವರ್ಗವಾದಂತೆ ಸಂಸಾರ ಊರೂರು ತಿರುಗಿತು. ಬಾಲ್ಯದ ಮುಖ್ಯ ವರ್ಷಗಳು ಕಳೆದದ್ದು ಇಂದು ಸ್ಲೊವಾಕಿಯಾ ದೇಶದಲ್ಲಿರುವ ಗಲಾಂತಾ ಎಂಬ ಸಣ್ಣ ಊರಿನಲ್ಲಿ. ಮನೆಯಲ್ಲಿ ತಂದೆ ತಾಯಿಯರ ವಾದ್ಯಗಳು ನುಡಿಯುತ್ತಿದ್ದವು. ಶಾಲೆಯಲ್ಲಿ ಬರಿಗಾಲಿನ ರೈತರ ಮಕ್ಕಳು ತಮ್ಮ ಹಾಡು ಹಾಡುತ್ತಿದ್ದರು. ಆ ಬರಿಗಾಲಿನ ಗೆಳೆಯರನ್ನು ಕೊದಾಯ್ ಜೀವಮಾನವಿಡೀ ನೆನೆಯುತ್ತಿದ್ದರು.

ಅಂದಿನ ಹಂಗೇರಿಯ ಪಟ್ಟಣಗಳಲ್ಲಿ ಶಿಷ್ಟ ಸಂಗೀತವೆಂದರೆ ಜರ್ಮನ್ ಸಂಗೀತ. ಹಳ್ಳಿಯ ಹಾಡನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. 1905ರಲ್ಲಿ ಕೊದಾಯ್ ಹಳ್ಳಿಗಳಿಗೆ ಹೋಗಿ ಹಾಡು ಸಂಗ್ರಹಿಸತೊಡಗಿದರು. ಬೇಲಾ ಬಾರ್ತೋಕ್ ಅವರ ಜೊತೆಗಾರರಾದರು. ಮೇಣದ ಉರುಳೆಯ ಫೋನೋಗ್ರಾಫ್ ಯಂತ್ರವನ್ನು ಹೊತ್ತುಕೊಂಡು ಹಳ್ಳಿಗೆ ಹೋಗಿ ಅಜ್ಜಿಯರ ಮುಂದೆ ಇಟ್ಟು ಹಾಡಿಸಿದರು. ಇಂದು ನಾವು ಮಾಡುವ ಹೊರಾಂಗಣ ಧ್ವನಿಮುದ್ರಣದ ಪೂರ್ವಜರು ಅವರು. 1906ರಲ್ಲಿ ಇಬ್ಬರೂ ಸೇರಿ ಇಪ್ಪತ್ತು ಜನಪದ ಹಾಡುಗಳ ಪುಸ್ತಕವನ್ನು ಹೊರತಂದರು. ಅದೇ ವರ್ಷ ಕೊದಾಯ್ ಜನಪದ ಹಾಡುಗಳ ಪದ್ಯರಚನೆಯ ಮೇಲೆ ಡಾಕ್ಟರೇಟ್ ಪಡೆದರು.

ಆಗ ಅವರ ಗಮನ ಇನ್ನೂ ಮಕ್ಕಳ ಕಡೆಗೆ ತಿರುಗಿರಲಿಲ್ಲ. 1920ರ ದಶಕದಲ್ಲಿ ಎರಡು ಸಂಗತಿಗಳು ನಡೆದವು. ಒಂದು, 1923ರಲ್ಲಿ ರಚಿಸಿದ ‘ಪ್ಸಾಲ್ಮುಸ್ ಹುಂಗಾರಿಕುಸ್’ ಎಂಬ ದೊಡ್ಡ ಕೃತಿಗೆ ಬಾಲಕರ ಮೇಳವೊಂದು ದನಿಗೂಡಿಸಿತು. ಸಾಮಾನ್ಯ ಶಾಲೆಯ ಮಕ್ಕಳು ಎಷ್ಟು ಚೆನ್ನಾಗಿ ಹಾಡಬಲ್ಲರು ಎಂಬುದನ್ನು ಅವರು ಕಿವಿಯಾರೆ ಕೇಳಿದರು. ಇನ್ನೊಂದು, ಬುಡಾ ಬೆಟ್ಟಗಳಿಗೆ ವಿಹಾರ ಬಂದಿದ್ದ ವಿದ್ಯಾರ್ಥಿನಿಯರ ಗುಂಪೊಂದು ತೀರ ಕಳಪೆಯಾದ ಹಾಡುಗಳನ್ನು ಉತ್ಸಾಹದಿಂದ ಹಾಡುತ್ತಿದ್ದುದನ್ನು ಕೇಳಿದರು. ಹಾಡುವ ಉತ್ಸಾಹವಿದೆ, ಆ ಉತ್ಸಾಹಕ್ಕೆ ಶಾಲೆ ಕೊಟ್ಟ ಆಹಾರ ಮಾತ್ರ ಹೊಟ್ಟು. ತಪ್ಪು ಮಕ್ಕಳದಲ್ಲ, ಕಲಿಸಿದವರದು ಎಂದು ಅವರಿಗೆ ಅನಿಸಿತು.

1925ರಿಂದ ಕೊದಾಯ್ ಮಕ್ಕಳ ಮೇಳಗಳಿಗೆ ಹಾಡು ಬರೆಯತೊಡಗಿದರು. 1929ರಲ್ಲಿ ಮಕ್ಕಳ ಗಾಯನ ಮೇಳಗಳನ್ನು ಕುರಿತು ಒಂದು ಲೇಖನ ಪ್ರಕಟಿಸಿದರು. ರಾಜಧಾನಿಯ ಅಪೆರಾ ಭವನದ ನಿರ್ದೇಶಕನಿಗಿಂತ ಸಣ್ಣ ಊರಿನ ಹಾಡಿನ ಮೇಷ್ಟರ ಹೊಣೆ ದೊಡ್ಡದು ಎಂಬುದು ಅದರಲ್ಲಿನ ಅವರ ವಾದ. ನಿರ್ದೇಶಕ ಸರಿಯಿಲ್ಲದಿದ್ದರೆ ಅವನನ್ನು ಬದಲಾಯಿಸಬಹುದು. ಮೇಷ್ಟರು ಸರಿಯಿಲ್ಲದಿದ್ದರೆ ವರ್ಷ ವರ್ಷವೂ ಒಂದೊಂದು ತರಗತಿಯ ಮಕ್ಕಳು ಹಾಡಿನಿಂದ ದೂರವಾಗುತ್ತ ಹೋಗುತ್ತಾರೆ. ಮಿತ್ರರೇ, ಈ ವಾದವನ್ನು ಓದಿದಾಗ ನನಗೆ ನಾಲ್ಕನೆಯ ತರಗತಿಯ ಆ ಮಧ್ಯಾಹ್ನ ನೆನಪಾಗದೆ ಇರಲಿಲ್ಲ.

ಪ, ಗ ಎಂಬ ಎರಡು ಸ್ವರಗಳಿಂದ

ಕೊದಾಯ್ ಮತ್ತು ಅವರ ಶಿಷ್ಯರು ರೂಪಿಸಿದ ಕ್ರಮದಲ್ಲಿ ವಿಜ್ಞಾನದ ವಿದ್ಯಾರ್ಥಿಗೆ ಮೆಚ್ಚಿಗೆಯಾಗುವ ಒಂದು ಸರಳತೆಯಿದೆ. ಪಿಯಾನೋ ಇಲ್ಲದೆ, ಬರೀ ಕಂಠದಿಂದ ಆರಂಭ. ವಾದ್ಯ ಕೊಳ್ಳಲು ಹಣವಿಲ್ಲದ ಮನೆಯ ಮಗುವಿಗೂ ಕಂಠವುಂಟು ಎಂಬುದು ಇದರ ಹಿಂದಿನ ವಿಚಾರ. ಮೊದಲು ಎರಡೇ ಸ್ವರ: ‘ಸೊ’ ಮತ್ತು ‘ಮಿ’. ನಮ್ಮ ಲೆಕ್ಕದಲ್ಲಿ ಪಂಚಮ ಮತ್ತು ಅಂತರ ಗಾಂಧಾರ. ಹಂಗೇರಿಯ ಮಕ್ಕಳ ಆಟದ ಹಾಡುಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಜೋಡಿ ಇದು. ಅಂದರೆ ಮಗುವಿಗೆ ಈಗಾಗಲೇ ಬರುವುದರಿಂದಲೇ ಪಾಠ ಶುರುವಾಗುತ್ತದೆ.

ಮುಂದೆ ಐದು ಸ್ವರಗಳು: ಡೊ, ರೆ, ಮಿ, ಸೊ, ಲ. ಇದನ್ನೇ ನಮ್ಮ ಸ್ವರಗಳಲ್ಲಿ ಹಾಡಿದರೆ ಸ, ರಿ, ಗ, ಪ, ಧ. ಕರ್ನಾಟಕ ಸಂಗೀತ ಬಲ್ಲವರು ‘ಇದು ಮೋಹನ’ ಎನ್ನುತ್ತಾರೆ, ಹಿಂದೂಸ್ತಾನಿ ಬಲ್ಲವರು ‘ಭೂಪಾಲಿ’ ಎನ್ನುತ್ತಾರೆ. ‘ಲ’ವನ್ನು ಆಧಾರವಾಗಿ ಇಟ್ಟುಕೊಂಡರೆ ಹಂಗೇರಿಯ ಬಹಳ ಹಳೆಯ ಹಾಡುಗಳ ಸ್ವರಶ್ರೇಣಿ ಸಿಗುತ್ತದೆ, ನಮ್ಮ ಕಿವಿಗೆ ಅದು ಶುದ್ಧ ಧನ್ಯಾಸಿಯಂತೆ ಕೇಳುತ್ತದೆ. ಈ ಶ್ರೇಣಿಗಳಲ್ಲಿ ಒಂದಕ್ಕೊಂದು ತೀರ ಹತ್ತಿರವಾದ ಸ್ವರಗಳಿಲ್ಲ. ಎಳೆಯ ಕಿವಿಗೆ ಕಷ್ಟವಾಗುವುದು ಆ ಸಣ್ಣ ಅಂತರಗಳೇ. ಅವು ಇಲ್ಲದಿದ್ದರೆ ಮಗು ಅಪಸ್ವರಕ್ಕೆ ಹೋಗುವ ಸಂಭವ ಕಡಿಮೆ. ಅಪಸ್ವರ ಕಡಿಮೆಯಾದರೆ ಗದರಿಕೆಯೂ ಕಡಿಮೆ, ಅಂಜಿಕೆಯೂ ಕಡಿಮೆ. ಹಾಡಿನ ಪಾಠದ ರಚನೆಗೂ ಮಗುವಿನ ಮನಸ್ಸಿಗೂ ಇರುವ ಸಂಬಂಧ ಇಲ್ಲಿ ಸ್ಪಷ್ಟವಾಗುತ್ತದೆ.

1934ರಲ್ಲಿ ‘ಹಾಡುವ ಯುವಜನ’ ಎಂಬ ಶಾಲಾ ಮೇಳಗಳ ಚಳವಳಿ ಹಂಗೇರಿಯಲ್ಲಿ ಆರಂಭವಾಯಿತು. 1944ರಲ್ಲಿ ಯೆನೋ ಆದಾಮ್ ಎಂಬ ಸಂಗೀತಗಾರರು ಈ ಕ್ರಮದ ಶಿಕ್ಷಕರ ಕೈಪಿಡಿಯನ್ನು ಬರೆದರು. ಅಷ್ಟರಲ್ಲಿ ಮಹಾಯುದ್ಧ ಬುಡಾಪೆಸ್ಟ್ ನಗರದ ಬಾಗಿಲಿಗೆ ಬಂದಿತ್ತು. 1944ರ ಡಿಸೆಂಬರ್ ಕೊನೆಯಿಂದ 1945ರ ಫೆಬ್ರವರಿ ಮಧ್ಯದವರೆಗೆ ಆ ನಗರ ಮುತ್ತಿಗೆಯಲ್ಲಿ ನಲುಗಿತು. ಜನ ನೆಲಮಾಳಿಗೆಗಳಲ್ಲಿ ಬದುಕಿದರು. ಕೊದಾಯ್ ದಂಪತಿಗಳೂ ಹಾಗೆ ಅಡಗಿ ಜೀವ ಉಳಿಸಿಕೊಂಡವರೇ.

ಕೆಚ್ಕೆಮೇತ್‌ನ ಶಾಲೆ

ಯುದ್ಧ ಮುಗಿದ ಮೇಲೆ ಹಂಗೇರಿ ಕಮ್ಯೂನಿಸ್ಟ್ ಆಡಳಿತಕ್ಕೆ ಒಳಗಾಯಿತು. 1948ರಲ್ಲಿ ಶಾಲೆಗಳು ಸರ್ಕಾರದ ವಶವಾದವು. ರಾಕೋಶಿ ಎಂಬ ನಾಯಕನ ಕಾಲ ಅದು. ಸ್ಟಾಲಿನ್ನನನ್ನೂ ಪಕ್ಷವನ್ನೂ ಹೊಗಳುವ ಸಮೂಹಗೀತೆಗಳನ್ನು ಮಕ್ಕಳಿಂದ ಹಾಡಿಸುತ್ತಿದ್ದ ಕಾಲ. ಅಂಥ ಕಾಲದಲ್ಲೇ, 1950ರಲ್ಲಿ, ಕೊದಾಯ್ ಹುಟ್ಟಿದ ಕೆಚ್ಕೆಮೇತ್‌ನಲ್ಲಿ ಮೊದಲ ‘ಹಾಡುವ ಪ್ರಾಥಮಿಕ ಶಾಲೆ’ ತೆರೆಯಿತು. ಅದನ್ನು ನಡೆಸಿದವರು ಮಾರ್ತಾ ನೆಮೆಸ್ಸೆಗಿ ಎಂಬ ಶಿಕ್ಷಕಿ. ಗಣಿತ, ಭಾಷೆ, ವಿಜ್ಞಾನ ಎಲ್ಲವೂ ಇದ್ದ ಸಾಮಾನ್ಯ ಶಾಲೆಯೇ ಅದು. ವ್ಯತ್ಯಾಸ ಒಂದೇ: ಅಲ್ಲಿ ಹಾಡಿನ ಪಾಠ ದಿನವೂ ಇತ್ತು.

ಒಂದೇ ಸರ್ಕಾರದ ಕೆಳಗೆ, ಒಂದೇ ವರ್ಷಗಳಲ್ಲಿ, ಎರಡು ಬಗೆಯ ಸಮೂಹಗಾನ ನಡೆಯಿತು ಎಂಬುದನ್ನು ಗಮನಿಸಿ. ಒಂದು ಬಗೆಯಲ್ಲಿ ಮಗು ಆಳುವವರ ಮಾತನ್ನು ಒಟ್ಟಾಗಿ ಕೂಗುತ್ತಿತ್ತು. ಇನ್ನೊಂದರಲ್ಲಿ ಅಜ್ಜಿಯ ಹಾಡನ್ನು ಎರಡು ಕವಲಾಗಿ ಹಾಡುತ್ತಿತ್ತು. ಕವಲಿನ ಹಾಡಿನಲ್ಲಿ ಒಂದು ವಿಶೇಷವುಂಟು. ನೀವು ನಿಮ್ಮ ಸ್ವರದಲ್ಲಿ ನಿಲ್ಲಬೇಕು, ಜೊತೆಗೆ ಪಕ್ಕದವರ ಬೇರೆ ಸ್ವರವನ್ನೂ ಕೇಳುತ್ತಿರಬೇಕು. ತನ್ನತನವನ್ನು ಬಿಡದೆ ಇನ್ನೊಬ್ಬರೊಡನೆ ಇರುವ ಅಭ್ಯಾಸ ಅದು. ಕೊದಾಯ್ ಮಕ್ಕಳಿಗಾಗಿ ಎರಡು ದನಿಯ ಹಾಡುಗಳನ್ನು ಅಷ್ಟೊಂದು ಬರೆದದ್ದು ಸುಮ್ಮನೆ ಅಲ್ಲ.

ಕೆಚ್ಕೆಮೇತ್‌ನ ಮಾದರಿ ಹರಡಿ ಮುಂದೆ ಅಂಥ ಶಾಲೆಗಳ ಸಂಖ್ಯೆ ನೂರನ್ನು ದಾಟಿತು. ಕತಲಿನ್ ಫೊರ್ರೈ ಎಂಬ ಶಿಕ್ಷಣತಜ್ಞೆ ಶಿಶುವಿಹಾರಗಳಿಗೂ ಹಾಡನ್ನು ಒಯ್ದರು. 1964ರಲ್ಲಿ ಸಂಗೀತ ಶಿಕ್ಷಣದ ಅಂತರರಾಷ್ಟ್ರೀಯ ಸಮ್ಮೇಳನ ಬುಡಾಪೆಸ್ಟ್‌ನಲ್ಲಿ ನಡೆದಾಗ ಹೊರದೇಶಗಳ ಶಿಕ್ಷಕರು ಈ ತರಗತಿಗಳನ್ನು ಕಣ್ಣಾರೆ ಕಂಡು ಬೆರಗಾದರು. 1967ರ ಮಾರ್ಚ್ 6ರಂದು ಕೊದಾಯ್ ತೀರಿಕೊಂಡರು. 2016ರಲ್ಲಿ ಯುನೆಸ್ಕೋ, ಜನಪದ ಸಂಗೀತವನ್ನು ಉಳಿಸುವ ಉತ್ತಮ ಕ್ರಮಗಳ ಪಟ್ಟಿಯಲ್ಲಿ ಕೊದಾಯ್ ಪದ್ಧತಿಯನ್ನು ಸೇರಿಸಿತು.

ಹಾಡುವ ಶಾಲೆಗಳ ಮಕ್ಕಳು ಇತರ ಪಾಠಗಳಲ್ಲೂ ಮುಂದಿದ್ದಾರೆ, ಚುರುಕಾಗಿದ್ದಾರೆ, ನಗುನಗುತ್ತ ಇದ್ದಾರೆ ಎಂದು ಅಲ್ಲಿನ ಶಿಕ್ಷಕರು ಹೇಳಿದರು. ಕೆಲವರು ಪರೀಕ್ಷಿಸಿಯೂ ನೋಡಿದರು. ಆದರೆ ವಿಜ್ಞಾನದ ವಿದ್ಯಾರ್ಥಿ ಇಲ್ಲಿ ಸ್ವಲ್ಪ ತಡೆದು ಯೋಚಿಸಬೇಕು. ಮಗುವನ್ನು ಹಾಡುವ ಶಾಲೆಗೆ ಸೇರಿಸುವ ತಂದೆ ತಾಯಿ ಸಾಮಾನ್ಯವಾಗಿ ಮಗುವಿನ ಓದಿನಲ್ಲೂ ಹೆಚ್ಚು ಆಸಕ್ತಿಯುಳ್ಳವರಾಗಿರಬಹುದು. ಹಾಗಿದ್ದಲ್ಲಿ ಮಗುವಿನ ಚುರುಕಿಗೆ ಹಾಡು ಕಾರಣವೋ ಮನೆ ಕಾರಣವೋ? ಎರಡು ಸಂಗತಿಗಳು ಒಟ್ಟಿಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳಲಾಗದು. ಆದ್ದರಿಂದ ಹಾಡಿನ ಪರಿಣಾಮವನ್ನು ಬೇರ್ಪಡಿಸಿ ನೋಡುವ ಪ್ರಯೋಗಗಳು ಬೇಕಾದವು.

ಪ್ರಯೋಗಗಳು ಹೇಳುವುದೇನು?

ಮೊದಲು ದೇಹವನ್ನು ನೋಡೋಣ. ಹಾಡುವಾಗ ಉಸಿರನ್ನು ಬೇಗನೆ ಎಳೆದುಕೊಂಡು ನಿಧಾನವಾಗಿ ಬಿಡುತ್ತೇವೆ. ಉಸಿರು ಒಳಗೆ ಹೋಗುವಾಗ ಹೃದಯ ಬಡಿತ ತುಸು ವೇಗವಾಗುತ್ತದೆ, ಹೊರಗೆ ಬರುವಾಗ ನಿಧಾನವಾಗುತ್ತದೆ. ವೇಗಸ್ ಎಂಬ ನರದ ಕೆಲಸ ಇದು. ಎಲ್ಲರೂ ಒಂದೇ ಹಾಡು ಹಾಡಿದರೆ ಎಲ್ಲರೂ ಒಂದೇ ಕಡೆ ಉಸಿರು ತೆಗೆದುಕೊಳ್ಳುತ್ತಾರೆ. ಹಾಗಾದರೆ ಹೃದಯಗಳೂ ಒಟ್ಟಿಗೆ ಏರಿಳಿಯಬೇಕಲ್ಲವೆ? ಸ್ವೀಡನ್ ದೇಶದ ಗೋಥೆನ್‌ಬರ್ಗ್‌ನಲ್ಲಿ ಬ್ಯೋರ್ನ್ ವಿಕ್‌ಹಾಫ್ ಮತ್ತು ಸಂಗಡಿಗರು ಹದಿನೆಂಟು ವರ್ಷದ ವಿದ್ಯಾರ್ಥಿಗಳನ್ನು ಹಾಡಿಸಿ ಅಳೆದು ನೋಡಿದರು. ಹಾಗೆಯೇ ಆಗುತ್ತಿತ್ತು! 2013ರಲ್ಲಿ ಆ ಫಲಿತಾಂಶ ಪ್ರಕಟವಾಯಿತು.

ಬರೀ ಕೇಳಿದರೆ ಸಾಲದೆ, ಹಾಡಲೇಬೇಕೆ? ಜರ್ಮನಿಯಲ್ಲಿ ಗುಂಟರ್ ಕ್ರಾಯ್ಟ್ಸ್ ಮತ್ತು ಜೊತೆಗಾರರು ಹವ್ಯಾಸಿ ಮೇಳವೊಂದರ ಗಾಯಕರನ್ನು ಒಂದು ದಿನ ಹಾಡಿಸಿದರು, ಇನ್ನೊಂದು ದಿನ ಅದೇ ಸಂಗೀತವನ್ನು ಬರೀ ಕೇಳಿಸಿದರು. 2004ರಲ್ಲಿ ಅವರು ಪ್ರಕಟಿಸಿದಂತೆ, ಹಾಡಿದ ದಿನ ಗಾಯಕರ ಮನಸ್ಸು ಹೆಚ್ಚು ಉಲ್ಲಾಸವಾಗಿತ್ತು. ಕೇಳಿದ ದಿನ ಹಾಗಾಗಲಿಲ್ಲ. ಇವರು ವಯಸ್ಕರು ಎಂಬುದನ್ನು ಮರೆಯಬಾರದು.

ಎಳೆಯ ಮಕ್ಕಳ ಮೇಲಿನ ಒಂದು ಸೊಗಸಾದ ಪ್ರಯೋಗ ಜರ್ಮನಿಯ ಲೈಪ್‌ಜಿಗ್‌ನದು. ಸೆಬಾಸ್ಟಿಯನ್ ಕಿರ್ಶ್‌ನರ್ ಮತ್ತು ಮೈಕೆಲ್ ಟೊಮಸೆಲ್ಲೊ ನಾಲ್ಕು ವರ್ಷದ ಮಕ್ಕಳನ್ನು ಇಬ್ಬಿಬ್ಬರಂತೆ ಆಟಕ್ಕೆ ಬಿಟ್ಟರು. ಆಟ ಒಂದೇ, ಕೆಲವು ಜೋಡಿಗಳು ಅದನ್ನು ಹಾಡಿ ಕುಣಿದು ಆಡಿದವು, ಕೆಲವು ಹಾಡಿಲ್ಲದೆ ಆಡಿದವು. ಆಮೇಲೆ ಒಂದು ಮಗುವಿನ ಕೈಯ ಕೊಳವೆಯಿಂದ ಗೋಲಿಗಳು ಚೆಲ್ಲಿಹೋಗುವಂತೆ ಏರ್ಪಾಡು ಮಾಡಲಾಗಿತ್ತು. ಜೊತೆಯ ಮಗು ತನ್ನ ಆಟ ಬಿಟ್ಟು ನೆರವಿಗೆ ಬರುತ್ತದೆಯೇ? ಹಾಡಿ ಆಡಿದ ಜೋಡಿಗಳಲ್ಲಿ ನೆರವಿಗೆ ಬಂದವರು ಹೆಚ್ಚು. 2010ರಲ್ಲಿ ಪ್ರಕಟವಾದ ಅಧ್ಯಯನ ಇದು.

2015ರಲ್ಲಿ ಇಂಗ್ಲೆಂಡಿನಿಂದ ಇನ್ನೊಂದು ಅಧ್ಯಯನ ಬಂತು. ರಾಬಿನ್ ಡನ್‌ಬಾರ್ ಅವರ ತಂಡ ಹೊಸದಾಗಿ ಆರಂಭವಾದ ವಯಸ್ಕರ ತರಗತಿಗಳನ್ನು ಏಳು ತಿಂಗಳು ಗಮನಿಸಿತು: ಕೆಲವು ಹಾಡಿನ ತರಗತಿ, ಕೆಲವು ಕರಕುಶಲ ಅಥವಾ ಬರವಣಿಗೆಯ ತರಗತಿ. ಏಳು ತಿಂಗಳ ಕೊನೆಗೆ ಎಲ್ಲ ತರಗತಿಗಳಲ್ಲೂ ಜನ ಆಪ್ತರಾಗಿದ್ದರು. ಆದರೆ ಹಾಡಿನ ತರಗತಿಯಲ್ಲಿ ಆ ಆಪ್ತತೆ ಬಹು ಬೇಗ ಹುಟ್ಟಿತು. ಹೊಸ ಶಾಲೆಯ ಮೊದಲ ವಾರದಲ್ಲಿ ಯಾರ ಪರಿಚಯವೂ ಇಲ್ಲದೆ ಮೂಲೆಯಲ್ಲಿ ನಿಂತಿರುವ ಮಗುವನ್ನು ನೆನೆಸಿಕೊಳ್ಳಿ. ಆ ‘ಬೇಗ’ ಎಂಬುದರ ಬೆಲೆ ಗೊತ್ತಾಗುತ್ತದೆ.

ಇಂಗ್ಲೆಂಡ್ 2007ರಿಂದ 2011ರವರೆಗೆ ಪ್ರಾಥಮಿಕ ಶಾಲೆಗಳಿಗಾಗಿ ‘ಸಿಂಗ್ ಅಪ್’ ಎಂಬ ರಾಷ್ಟ್ರೀಯ ಕಾರ್ಯಕ್ರಮವನ್ನು ಸರ್ಕಾರದ ಹಣದಿಂದ ನಡೆಸಿತು. ಗ್ರಹಾಂ ವೆಲ್ಚ್ ಅವರ ತಂಡ ಸಾವಿರಾರು ಮಕ್ಕಳ ಹಾಡುಗಾರಿಕೆಯನ್ನು ಅಳೆದು, ಜೊತೆಗೆ ತಮ್ಮ ಬಗ್ಗೆ ತಮಗೆ ಏನನಿಸುತ್ತದೆ, ತರಗತಿಯಲ್ಲಿ ತಾವೂ ಸೇರಿದವರು ಎನಿಸುತ್ತದೆಯೇ ಎಂದು ಕೇಳಿತು. ಹಾಡುಗಾರಿಕೆ ಬೆಳೆದಿದ್ದ ಮಕ್ಕಳಲ್ಲಿ ತಮ್ಮ ಬಗೆಗಿನ ಭಾವನೆಯೂ ‘ನಾನೂ ಇವರಲ್ಲೊಬ್ಬ’ ಎಂಬ ಭಾವನೆಯೂ ಹೆಚ್ಚಾಗಿತ್ತು. ಇಲ್ಲಿಯೂ ಕಾರಣ ಯಾವುದು, ಫಲ ಯಾವುದು ಎಂಬ ಪ್ರಶ್ನೆ ಉಳಿದೇ ಇದೆ. ಸೇರಿದವನೆಂಬ ಭಾವನೆ ಇರುವ ಮಗು ಧೈರ್ಯವಾಗಿ ಹಾಡುತ್ತಿರಲೂಬಹುದು. ಎರಡೂ ಒಂದನ್ನೊಂದು ಬೆಳೆಸುತ್ತವೆ ಎಂಬುದು ನನ್ನ ಊಹೆ.

ಹೀಗಾಗಿ ಹಾಡು ಎಲ್ಲ ದುಃಖಕ್ಕೂ ಮದ್ದು ಎಂದು ಹೇಳುವ ಧೈರ್ಯ ನನಗಿಲ್ಲ. ಹಸಿದ ಮಗುವಿಗೆ ಊಟವೇ ಬೇಕು, ಹೆದರಿದ ಮಗುವಿಗೆ ರಕ್ಷಣೆಯೇ ಬೇಕು. ಆದರೆ ಒಂದು ಮಾತನ್ನು ಹೇಳಬಹುದು: ಒಟ್ಟಿಗೆ ಹಾಡುವುದು ಮಗುವಿನ ಒಂಟಿತನವನ್ನು ಬೇಗ ಕರಗಿಸುತ್ತದೆ. 2020ರ ಕೊರೊನಾ ಕಾಲದಲ್ಲಿ ಸೋಂಕು ಹರಡುವ ಭಯದಿಂದ ಹಲವು ದೇಶಗಳ ಶಾಲೆಗಳಲ್ಲಿ ಮೊದಲು ನಿಂತುಹೋದವುಗಳಲ್ಲಿ ಸಮೂಹಗಾನವೂ ಒಂದು. ನಿಮ್ಮಲ್ಲಿ ಹಲವರು ಆಗ ಮನೆಯಲ್ಲಿ ಮೊಬೈಲಿನ ಪರದೆಯ ಮುಂದೆ ಕುಳಿತವರೇ. ಪಾಠ ಹೇಗೋ ನಡೆಯಿತು. ಒಂದೇ ಉಸಿರಿನಲ್ಲಿ ಹಾಡುವುದು ಮಾತ್ರ ಪರದೆಯ ಮೂಲಕ ಸಾಧ್ಯವಾಗಲಿಲ್ಲ. ದನಿ ತಡವಾಗಿ ತಲುಪಿ ಒಂದಕ್ಕೊಂದು ಕೂಡುತ್ತಲೇ ಇರಲಿಲ್ಲ.

ದನಿ ಸೇರದ ಮಗು

ಈಗ ಮೊದಲಿನ ಪ್ರಶ್ನೆಗೆ ಬರೋಣ. ಹಾಡು ಒಂಟಿತನವನ್ನು ಕರಗಿಸುತ್ತದೆ ಎಂದಾದರೆ, ಎಲ್ಲರ ನಡುವೆ ನಿಲ್ಲಿಸಿ ದನಿಯನ್ನು ಮಾತ್ರ ತಡೆದ ಮಗುವಿನ ಸ್ಥಿತಿ ಏನು? ಅದು ಹೊರಗೆ ನಿಂತವರಿಗಿಂತ ಹೆಚ್ಚು ಒಂಟಿ. ನೋಡುವವರಿಗೆ ಅದೂ ಹಾಡುತ್ತಿರುವಂತೆ ಕಾಣುತ್ತದೆ.

ಹುಟ್ಟಿನಿಂದಲೇ ಸ್ವರಭೇದ ತಿಳಿಯದವರು ಇಲ್ಲವೆಂದಲ್ಲ. ನೂರಕ್ಕೆ ನಾಲ್ವರು ಎಂಬುದು ಹಳೆಯ ಅಂದಾಜು, ಹೊಸ ಅಂದಾಜು ಅದಕ್ಕಿಂತಲೂ ಕಡಿಮೆ. ಉಳಿದವರಲ್ಲಿ ದನಿ ಸೇರದಿರುವುದಕ್ಕೆ ಕಾರಣ ಸಾಮಾನ್ಯವಾಗಿ ಬಹಳ ಸಾದಾ ಆಗಿರುತ್ತದೆ. ಶ್ರುತಿ ಆ ಮಗುವಿನ ಕಂಠಕ್ಕೆ ಎತ್ತರವಾಗಿರುತ್ತದೆ ಅಥವಾ ತಗ್ಗಾಗಿರುತ್ತದೆ. ಅಕ್ಕಪಕ್ಕದವರ ಗದ್ದಲದಲ್ಲಿ ತನ್ನ ದನಿ ತನಗೇ ಕೇಳಿಸುತ್ತಿರುವುದಿಲ್ಲ. ವಯಸ್ಸು ಸಾಲದಿರುತ್ತದೆ, ಸ್ವರಕ್ಕೆ ಸರಿಯಾಗಿ ನಿಲ್ಲುವ ಶಕ್ತಿ ಪ್ರಾಥಮಿಕ ಶಾಲೆಯ ವರ್ಷಗಳಲ್ಲಿ ಬೆಳೆಯುತ್ತ ಹೋಗುತ್ತದೆ. ಬೆಳೆಯುವುದು ಹಾಡುವುದರಿಂದಲೇ. ಹಾಡಬೇಡ ಎಂದರೆ ಆ ಬೆಳವಣಿಗೆಗೇ ತಡೆ. ಕೊದಾಯ್ ಕ್ರಮ ಎರಡೇ ಸ್ವರಗಳಿಂದ ಆರಂಭವಾಗುವುದೂ, ಕರ್ವೆನ್ನರ ‘ಡೊ’ ನಮ್ಮ ಷಡ್ಜದಂತೆ ಜರುಗುವುದೂ ಇಂಥ ಮಗುವಿಗೆ ಜಾಗ ಮಾಡಿಕೊಡುವುದಕ್ಕೆ ನೆರವಾಗುತ್ತವೆ.

ನಮ್ಮ ನಾಡಿಗೂ ಇದು ಹೊಸ ವಿಚಾರವಲ್ಲ. ಪಂಜೆ ಮಂಗೇಶರಾಯರು (1874–1937) ಶಿಕ್ಷಕರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ ದಕ್ಷಿಣ ಕನ್ನಡದಲ್ಲೂ ಕೊಡಗಿನಲ್ಲೂ ದುಡಿದವರು. ಪಠ್ಯವೆಂದರೆ ಬಾಯಿಪಾಠ ಎಂದಿದ್ದ ಕಾಲದಲ್ಲಿ ಅವರು ಮಕ್ಕಳು ಹಾಡಬಲ್ಲ, ಅಭಿನಯಿಸಬಲ್ಲ ಪದ್ಯಗಳನ್ನು ಕನ್ನಡದಲ್ಲಿ ಬರೆದರು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ಆಮೇಲೆ ರಾಜ್ಯಕ್ಕೆಲ್ಲ ಹರಡಿದ ‘ನಲಿ-ಕಲಿ’ ಕ್ರಮದಲ್ಲಿಯೂ ಹಾಡಿಗೆ ಸ್ಥಾನವುಂಟು. ಅಲ್ಲಿ ಹಾಡು ಬಹುಮಾನಕ್ಕಲ್ಲ, ಕಲಿಯುವ ಖುಷಿಗೆ. ಸ್ಪರ್ಧೆ ಬಂದಾಗಲೇ ನಮ್ಮ ಮೇಷ್ಟರುಗಳಿಗೆ ಹದಿನೈದು ಮಕ್ಕಳ ಪೈಕಿ ಒಂದು ದನಿ ಹೆಚ್ಚಾಗಿ ಕಾಣುವುದು.

ಸ್ಟುಡಿಯೋಗೆ ಬಂದಿದ್ದ ಆ ಹುಡುಗಿಗೆ ನಾನು ಏನು ಮಾಡಿದೆ ಎಂದು ನೀವು ಕೇಳಬಹುದು. ನಿಜ ಹೇಳುತ್ತೇನೆ: ಏನೂ ಮಾಡಲಿಲ್ಲ. ಮುದ್ರಣ ಮುಗಿಸುವ ಅವಸರವಿತ್ತು, ಹಾಡು ಅಂದವಾಗಿ ಬಂದಿತ್ತು. ಮತ್ತೊಮ್ಮೆ ಹಾಡಿಸಿ, ಈ ಸಲ ನೀನೂ ಹಾಡಮ್ಮ ಎನ್ನಲು ಐದು ನಿಮಿಷ ಸಾಕಾಗಿತ್ತು. ಆ ಐದು ನಿಮಿಷವನ್ನು ನಾನು ಕೊಡಲಿಲ್ಲ. ಕಾರ್ಯಕ್ರಮ ಪ್ರಸಾರವಾಯಿತು; ಅವಳ ಮುಖ ನಾಡಿನ ಮನೆಮನೆಯಲ್ಲಿ ಕಂಡಿತು, ದನಿ ಯಾರಿಗೂ ಕೇಳಿಸಲಿಲ್ಲ. ಆಮೇಲೆ ಮಕ್ಕಳ ತಂಡಗಳು ಬಂದಾಗಲೆಲ್ಲ ಮೊದಲಿಗೆ ಒಂದು ಮಾತು ಹೇಳುತ್ತೇನೆ: ಇಲ್ಲಿ ನಿಂತವರೆಲ್ಲ ಹಾಡಬೇಕು, ಸ್ವರ ತುಸು ಆಚೀಚೆ ಆದರೂ ಚಿಂತೆಯಿಲ್ಲ. ನಮ್ಮ ಧ್ವನಿಗ್ರಾಹಕರು ಕೆಲವೊಮ್ಮೆ ಮುಖ ಸಿಂಡರಿಸುವುದುಂಟು. ಆದರೂ ಆ ನಿಯಮವನ್ನು ಬಿಟ್ಟಿಲ್ಲ.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಕೆಲವರು ನಾಳೆ ಶಿಕ್ಷಕರಾಗುತ್ತೀರಿ, ಇನ್ನೂ ಹಲವರು ತಂದೆ ತಾಯಿಗಳಾಗುತ್ತೀರಿ. ಅಷ್ಟು ದೂರ ಹೋಗುವುದೂ ಬೇಡ. ನಾಳೆ ಬೆಳಿಗ್ಗೆ ಪ್ರಾರ್ಥನೆಗೆ ನಿಂತಾಗ ನಿಮ್ಮ ಪಕ್ಕದವರ ಕಡೆಗೆ ಒಮ್ಮೆ ಕಿವಿಗೊಡಿ. ತುಟಿ ಆಡುತ್ತಿದ್ದು ದನಿ ಕೇಳಿಸದಿದ್ದರೆ ಅವರ ಕಡೆ ತಿರುಗಿ ನಗಬೇಡಿ. ನಿಮ್ಮ ದನಿಯನ್ನು ತುಸು ತಗ್ಗಿಸಿ, ಅವರಿಗೆ ತಮ್ಮ ದನಿ ಕೇಳಿಸುವಷ್ಟು ಜಾಗ ಬಿಡಿ. ಉಳಿದದ್ದನ್ನು ಹಾಡೇ ನೋಡಿಕೊಳ್ಳುತ್ತದೆ.